ಸ್ವಲ್ಪ ಹುಷಾರಿಲ್ಲ

ನನ್ನ ಕೆಲಸ ಏನೆಂದು ಚಳ್ಳಕೆರೆಯಲ್ಲಿ ಯಾರಿಗಾದರೂ ಒಂದು ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಇವತ್ತಿಗೂ ಆಗಿಲ್ಲ. ಬೋರ್ಡಿನಲ್ಲಿ ‘ಜ್ಯೋತಿಲಕ್ಷ್ಮಿ, ಮನಶ್ಚಿಕಿತ್ಸಕಿ’ ಎಂದು ಬರೆಸಿದ್ದೇನೆ. ಅದನ್ನು ಓದಿ ಒಳಗೆ ಬಂದವರು ಮೊದಲು ಕೇಳುವುದು, “ಗುಳಿಗೆ ಕೊಡಲ್ವೇನ್ರೀ?” ಇಲ್ಲ ಎಂದರೆ ಮುಖ ಸಪ್ಪಗಾಗುತ್ತದೆ. ಇಂಜೆಕ್ಷನ್ನೂ ಇಲ್ಲ ಎಂದರೆ ಅರ್ಧ ಜನ ಎದ್ದೇ ಹೋಗುತ್ತಾರೆ. ಉಳಿದ ಅರ್ಧ ಜನ ನನಗಿಟ್ಟ ಹೆಸರು ‘ಮಾತಿನ ಡಾಕ್ಟ್ರು’. ನಮ್ಮಪ್ಪ ಕೊಟ್ಟೂರಪ್ಪ ಶೇಂಗಾ ವ್ಯಾಪಾರಿ. ಬದುಕಿರುವ ತನಕ, “ನಾನು ಶೇಂಗಾ ಮಾರಿದೆ, ನನ್ ಮಗಳು ಮಾತು ಮಾರ್ತಾಳೆ” ಎಂದು ಅಂಗಡಿಗೆ ಬಂದವರ ಮುಂದೆಲ್ಲ ನಗಾಡುತ್ತಿದ್ದ.

ನಿಜ ಹೇಳಬೇಕೆಂದರೆ ನನ್ನ ಕೆಲಸದಲ್ಲಿ ಮಾತು ಕಡಿಮೆ, ಕೇಳುವುದೇ ಹೆಚ್ಚು. ಕೇಳುವುದೂ ಒಂದು ವಿದ್ಯೆಯಾ ಎಂದು ಮೂಗು ಮುರಿಯಬೇಡಿ. ಬೆಂಗಳೂರಿನಲ್ಲಿ ಆರು ವರ್ಷ ಕಲಿತಿದ್ದೇನೆ. ನಾನು ಹಿಡಿದ ದಾರಿಯ ಸಾರ ಇಷ್ಟೇ: ಮನುಷ್ಯನಿಗೆ ಗಾಯ ಆಗುವುದು ಇನ್ನೊಬ್ಬ ಮನುಷ್ಯನಿಂದ, ವಾಸಿಯಾಗುವುದೂ ಇನ್ನೊಬ್ಬ ಮನುಷ್ಯನ ಜೊತೆಯಲ್ಲೇ. ಅದಕ್ಕೆ ಬಂದವರ ಮನೆ ಕಥೆ ಕೇಳಿ ಬುದ್ಧಿ ಹೇಳಿ ಕಳಿಸುವುದಿಲ್ಲ. ಆ ಕೋಣೆಯಲ್ಲಿ ಅವರಿಗೂ ನನಗೂ ನಡುವೆ ಏನು ನಡೆಯುತ್ತದೋ ಅದನ್ನೂ ಮಾತಾಡುತ್ತೇವೆ. ಅವರಿಗೆ ನನ್ನ ಮೇಲೆ ಸಿಟ್ಟು ಬಂದರೆ ಆ ಸಿಟ್ಟನ್ನು, ನಾನು ತಪ್ಪು ಮಾಡಿದರೆ ಆ ತಪ್ಪನ್ನು. ಇದೆಲ್ಲ ನಡೆಯಬೇಕೆಂದರೆ ಹೇಳಿದ ದಿನ, ಹೇಳಿದ ಹೊತ್ತಿಗೆ ನಾನು ಅಲ್ಲಿರಬೇಕು. ವಾರದ ಉಳಿದ ದಿನ ಚಳ್ಳಕೆರೆ, ಗುರುವಾರ ಮೊಳಕಾಲ್ಮುರು. ಗುರುವಾರ ಎಂದರೆ ಗುರುವಾರ. ಜ್ವರ ಬಂದರೂ ಹೋಗಿದ್ದೇನೆ.

ಈ ಕೆಲಸಕ್ಕೆ ನನ್ನನ್ನು ತಂದು ನಿಲ್ಲಿಸಿದವನು ನನ್ನ ತಮ್ಮ ಅಮರೇಶ. ನಾನು ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಹತ್ತನೇ ಕ್ಲಾಸು ಓದುತ್ತಿದ್ದೆ. ಅವನಿಗೆ ಒಂಬತ್ತು ವರ್ಷ. ಪರೀಕ್ಷೆ ಶುರುವಾಗುವ ಹಿಂದಿನ ದಿನ ಊರಿಂದ ಫೋನ್ ಬಂತು: “ಅಮರೇಶಂಗೆ ಸ್ವಲ್ಪ ಹುಷಾರಿಲ್ಲ. ನೀನೇನು ಗಾಬರಿ ಆಗಬ್ಯಾಡ, ಪರೀಕ್ಷೆ ಮುಗಿಸ್ಕಂಡು ಬಾ.” ಮುಗಿಸಿಕೊಂಡೇ ಹೋದೆ. ಅವನು ಕೇಳಿದ್ದ ಪೀಪಿಯನ್ನು ಹುಡುಕಿ ಕೊಂಡು, ಬಸ್ಸಿನಲ್ಲಿ ಎರಡು ಸಲ ಊದಿ ಕಂಡಕ್ಟರಿಂದ ಬೈಸಿಕೊಂಡು, ಪರಶುರಾಂಪುರದ ನಮ್ಮ ಮನೆಯ ಪಡಸಾಲೆಗೆ ಕಾಲಿಟ್ಟೆ. ಗೋಡೆಯ ಮೇಲೆ ಅವನ ಫೋಟೋ ಇತ್ತು. ಅದಕ್ಕೆ ಹಾರ ಇತ್ತು. ಹಾರ ಆಗಲೇ ಒಣಗಿತ್ತು.

ಅವನಿಗೆ ಏನಾಗಿತ್ತು, ಯಾವತ್ತು ಹೋದ ಎಂದು ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಅವ್ವ ಸುಲೋಚನಮ್ಮ “ಕೈಕಾಲು ತೊಳ್ಕ, ಉಂಬಾಕ ಇಡ್ತೀನಿ” ಎಂದಳು, ಅಷ್ಟೇ. ನಮ್ಮ ಕಡೆ ಸಾವನ್ನು ಯಾರೂ ಫೋನಿನಲ್ಲಿ ನೇರವಾಗಿ ಹೇಳುವುದಿಲ್ಲ. ಸತ್ತವರಿಗೆ ‘ಸ್ವಲ್ಪ ಹುಷಾರಿಲ್ಲ’, ಆಗಲೇ ಮಣ್ಣಾದವರಿಗೆ ‘ಸ್ವಲ್ಪ ಸೀರಿಯಸ್ಸು’. ದಾರಿಯಲ್ಲಿ ಬರುವವರ ಎದೆ ಒಡೆಯದಿರಲಿ ಎಂದು ಮಾಡುವ ಪುಣ್ಯದ ಕೆಲಸವಂತೆ ಅದು. ಸುಡುಗಾಡು ಪುಣ್ಯ! ಆ ದಿನದಿಂದ ಯಾರು ಏನು ಹೇಳಿದರೂ ನಾನು ಮಾತನ್ನು ಬಿಟ್ಟು ಮುಖ ನೋಡುವುದನ್ನು ಕಲಿತೆ. ಆಮೇಲೆ ಅದೇ ಹೊಟ್ಟೆಪಾಡಾಯಿತು.

ಮೊಳಕಾಲ್ಮುರಿನಲ್ಲಿ ನನ್ನ ಕೋಣೆ ಒಂದು ಸೀರೆ ಅಂಗಡಿಯ ಹಿಂದಿದೆ. ಪಕ್ಕದ ಮನೆಯಲ್ಲಿ ಮಗ್ಗ. ದಿನವಿಡೀ ಟಕಟಕ ಸದ್ದು. ಕಳೆದ ವರ್ಷ ಒಂದು ಗುರುವಾರ ಅಲ್ಲಿಗೆ ಮಾರುತೇಶ ಎಂಬವನು ತನ್ನ ಅಪ್ಪನನ್ನು ಕರೆದುಕೊಂಡು ಬಂದ. ಅವನಿಗೆ ಮೂವತ್ತರ ಮೇಲಿರಬಹುದು, ಮೋಟರ್ ರಿಪೇರಿ ಅಂಗಡಿಯಲ್ಲಿ ಕೆಲಸ. ಅಪ್ಪ ಸಣ್ಣತಿಮ್ಮಪ್ಪ ದೇವಸಮುದ್ರದ ಹತ್ತಿರದ ಹಟ್ಟಿಯವನು, ಕುರಿ ಕಾಯುವವನು, ಎಪ್ಪತ್ತರ ಹತ್ತಿರ. ಹೆಗಲ ಮೇಲೆ ಕಂಬಳಿ. ಮಗ ಅಪ್ಪನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಒಳಗೆ ಬಂದು ಹೇಳಿದ:

“ನಮ್ಮಪ್ಪ ನನ್ ಜೊತೆ ಮಾತು ಬಿಟ್ಟು ವರ್ಷದ ಮೇಲಾಯ್ತು ಮೇಡಮ್. ಊರಿನೋರ ಜೊತೆ ಆಡ್ತಾನೆ, ಕುರಿ ಜೊತೆ ಆಡ್ತಾನೆ. ನನ್ ಜೊತೆ ಇಲ್ಲ. ಈಗ ನಿದ್ದೇನೂ ಬಿಟ್ಟಾನೆ. ಎದೆನೂ ಸರಿಯಿಲ್ಲ ಅಂತಾರೆ ದವಾಖಾನೇಲಿ. ಅವನು ಹೋಗೋದ್ರೊಳಗೆ ನನ್ನ ಒಂದ್ಸಲ ಮಾರುತೇಶ ಅಂತ ಕರದ್ರೆ ಸಾಕು.”

“ಯಾಕೆ ಬಿಟ್ರು?”

“ಅವ್ವ ಸತ್ತಾಗ ನಾನು ಸುಳ್ಳು ಹೇಳ್ದೆ.” ಅಷ್ಟು ಹೇಳಿ ಎದ್ದು ಹೊರಗೆ ಹೋದ.

ಸಣ್ಣತಿಮ್ಮಪ್ಪ ಒಳಗೆ ಬಂದವನು ಕುರ್ಚಿಯನ್ನು ನೋಡಿ ನೆಲದ ಮೇಲೆ ಕುಳಿತ. ನಾನೂ ನೆಲಕ್ಕೆ ಕುಳಿತೆ. ಮೊದಲ ನಾಲ್ಕು ವಾರ ಕುರಿಯ ಮಾತು ಬಿಟ್ಟು ಬೇರೆ ಬರಲಿಲ್ಲ. ಯಾವ ಕುರಿಗೆ ಗೊರಸು ನೋವು, ಯಾವ ಕುರಿ ಮರಿಗೆ ಹಾಲು ಬಿಡುವುದಿಲ್ಲ, ಎಲ್ಲ ಕೇಳಿದೆ. ಲೆಕ್ಕ ಬಂದಾಗ ತೆಲುಗಿನಲ್ಲಿ ಎಣಿಸುತ್ತಿದ್ದ. ಗಂಟೆಯಾದ ಮೇಲೆ ನಾನು, “ಮುಂದಿನ ಗುರುವಾರ ಬರ್ತೀರಲ್ಲ?” ಎನ್ನುತ್ತಿದ್ದೆ. ಅವನು ಕಂಬಳಿ ಕೊಡವಿ, ನನ್ನ ಕಡೆ ತಿರುಗಿಯೂ ನೋಡದೆ ಎದ್ದು ಹೋಗುತ್ತಿದ್ದ. ಮುಂದಿನ ವಾರ ಮತ್ತೆ ಬರುತ್ತಿದ್ದ.

ನಾನು ಮೊದಲೇ ಮುಂಗೋಪಿ. ಏಳನೇ ವಾರ ತಡೆಯಲಾಗಲಿಲ್ಲ. “ಯಜಮಾನ್ರೆ, ಹಂಗೆ ಎದ್ದು ಹೋದ್ರೆ ನಂಗೆ ಬ್ಯಾಸರ ಆಗ್ತೈತೆ. ಬರ್ತೀನಿ ಅಂತ ಒಂದು ಮಾತು ಹೇಳಬಾರದಾ?”

ಅವನು ಮೊದಲ ಸಲ ನನ್ನ ಮುಖ ನೋಡಿದ. “ಸಾವಿನ ಮನೆಯಿಂದ ಏಳುವಾಗ ಬರ್ತೀನಿ ಅನ್ನಬಾರದವ್ವ.”

“ಇದು ಸಾವಿನ ಮನೆಯಾ?”

“ನಾನು ಎಲ್ಲಿ ಕುಂತರೂ ಸಾವಿನ ಮನೇನೆ.”

ಅವತ್ತು ಯರ್ರಮ್ಮನ ಕಥೆ ಬಂತು. ಅವನ ಹೆಂಡತಿ. ಆ ಬೇಸಿಗೆ ಅವನು ಕುರಿ ಹೊಡೆದುಕೊಂಡು ಕಲ್ಯಾಣದುರ್ಗದ ಕಡೆ ಹೋಗಿದ್ದ. ಒಂದು ಸಂಜೆ ಮಗನ ಫೋನ್: “ಅವ್ವಂಗೆ ಸ್ವಲ್ಪ ಹುಷಾರಿಲ್ಲ, ಬಾ.” ಸ್ವಲ್ಪ ತಾನೆ ಎಂದು ಇವನು ರಾತ್ರಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿ ಅಲ್ಲೇ ಮಲಗಿ, ಬೆಳಿಗ್ಗೆ ಜೊತೆಯವನಿಗೆ ಕುರಿ ಒಪ್ಪಿಸಿ ಹೊರಟ. ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಆರು ಮೋಸಂಬಿ ಕೊಂಡ. ಅದನ್ನು ಕೊಳ್ಳುವುದರಲ್ಲಿ ಒಂದು ಬಸ್ಸು ತಪ್ಪಿತು. ಹಟ್ಟಿಗೆ ಬಂದಾಗ ಜನ ಮಣ್ಣು ಮಾಡಿ ಬಂದು ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದರು. ಬಿಸಿಲಿಗೆ ಹೆಣ ತಡೆಯುವುದಿಲ್ಲ ಎಂದು ಹಿರಿಯರು ಅವಸರ ಮಾಡಿದ್ದರಂತೆ.

“ಮೋಸಂಬಿ ಚೀಲ ಯಾರ ಕೈಗೆ ಕೊಡಲಿ ಅಂತ ಗೊತ್ತಾಗಲಿಲ್ಲ ಕಣವ್ವ” ಎಂದ. “ಅವಳ ಮುಖ ತೋರಿಸಲಿಲ್ಲ ನನ್ ಮಗ. ಸತ್ತಾಳೆ ಅಂದಿದ್ರೆ ನಡ್ಕಂಡಾದ್ರೂ ರಾತ್ರಿಯೇ ಬರ್ತಿದ್ದೆ.”

ಎದುರಿಗೆ ಕುಳಿತವರ ಮುಂದೆ ನಮ್ಮ ಸ್ವಂತ ನೋವನ್ನು ಹರಡಬಾರದು ಎಂದು ಕೆಲವು ಗುರುಗಳು ಹೇಳುತ್ತಾರೆ. ನನ್ನ ದಾರಿಯಲ್ಲಿ ಅದಕ್ಕೆ ಜಾಗ ಉಂಟು, ಆದರೆ ಅಳೆದು ಸುರಿದು. ಅವತ್ತು ನಾನು ಅಳೆಯಲಿಲ್ಲ. ಅಮರೇಶನ ಫೋಟೋ, ಒಣಗಿದ ಹಾರ, ನನ್ನ ಕೈಯಲ್ಲಿದ್ದ ಪೀಪಿ, ಎಲ್ಲ ಹೇಳಿಬಿಟ್ಟೆ. ಸಣ್ಣತಿಮ್ಮಪ್ಪ, “ಆ ಪೀಪಿ ಏನ್ ಮಾಡಿದ್ಯವ್ವ?” ಎಂದು ಕೇಳಿದ. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. “ಇಟ್ಕಂಡೀನಿ” ಎಂದೆ. ನನಗೆ ಅಳು ಬಂತು. ಡಾಕ್ಟ್ರು ಅತ್ತಿದ್ದಕ್ಕೆ ಅವನೇನೂ ಗಾಬರಿಯಾಗಲಿಲ್ಲ. ಕಂಬಳಿಯ ತುದಿಯನ್ನು ಮಾತ್ರ ನನ್ನ ಕಡೆ ಸರಿಸಿದ.

ಹದಿನಾಲ್ಕನೇ ವಾರ ಅವನು ಬಂದ ಕೂಡಲೇ, ಕುಳಿತುಕೊಳ್ಳುವ ಮೊದಲೇ ಹೇಳಿದ: “ನಂಗೆ ಗೊತ್ತಿತ್ತವ್ವ.”

“ಏನು?”

“ಸ್ವಲ್ಪ ಹುಷಾರಿಲ್ಲ ಅಂದ್ರೆ ಏನು ಅಂತ ಕೂಸಿಗೂ ಗೊತ್ತು. ನಂಗೆ ಗೊತ್ತಿರಲ್ವಾ? ಅವನ ದನಿ ಕೇಳಿದಾಗ್ಲೇ ಗೊತ್ತಾಯ್ತು. ಹೋಗದೆ ಇರೋತನಕ ಅವಳು ಬದುಕಿರ್ತಾಳೆ ಅನ್ನಿಸ್ತು. ಅದಕ್ಕೆ ಮಂದೆ ನಿಲ್ಲಿಸಿದೆ. ಅದಕ್ಕೆ ಮೋಸಂಬಿ ಕೊಂಡೆ. ಬೇಕಂತ್ಲೇ ತಡ ಮಾಡಿದೋನು ನಾನು. ತಪ್ಪು ಹೊರಿಸಿದ್ದು ಅವನ ಮ್ಯಾಲೆ.” ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡ. “ಮುಂದಿನ ಗುರುವಾರ ಅವನ್ನ ಒಳಗೆ ಕರಿಯವ್ವ. ನಾನೊಬ್ನೇ ಇದ್ರೆ ಬಾಯಿ ಬರಲ್ಲ. ನೀನು ಇರು. ನಿನ್ ಮುಂದೆ ಹೇಳ್ತೀನಿ.”

“ಇರ್ತೀನಿ” ಎಂದೆ.

ಅವನು ಎದ್ದು ಬಾಗಿಲ ತನಕ ಹೋಗಿ ತಿರುಗಿ ನಿಂತ. “ಬರ್ತೀನವ್ವ” ಎಂದ. ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಚಳ್ಳಕೆರೆ ತಲುಪುವ ತನಕ ಕಾರಿನಲ್ಲಿ ಒಬ್ಬಳೇ ಆ ಮಾತನ್ನು ಹೇಳಿಕೊಳ್ಳುತ್ತ ಬಂದೆ.

ಮುಂದಿನ ಗುರುವಾರ ಬೆಳಿಗ್ಗೆ ಮೊಳಕಾಲ್ಮುರಿನ ದಾರಿಯಲ್ಲಿ ತಳಕು ದಾಟಿದ್ದೆ. ಫೋನ್ ಬಂತು. ಪರಶುರಾಂಪುರದಿಂದ ನನ್ನ ಇನ್ನೊಬ್ಬ ತಮ್ಮ ಸಿದ್ದಲಿಂಗೇಶ್. ಅವ್ವ ಅವನ ಹತ್ತಿರವೇ ಇರುವುದು. “ಅಕ್ಕಾ, ಅವ್ವಂಗೆ ಸ್ವಲ್ಪ ಹುಷಾರಿಲ್ಲ. ಬಂದೋಗು.”

ಆಮೇಲೆ ಅವನೇನು ಹೇಳಿದನೋ ಕೇಳಲಿಲ್ಲ. ಕಾರು ತಿರುಗಿಸಿದೆ. ಚಳ್ಳಕೆರೆ ದಾಟಿ ಪರಶುರಾಂಪುರದ ತನಕ ಗಟ್ಟಿಯಾಗಿ ಅಳುತ್ತಲೇ ಓಡಿಸಿದೆ. ಅವ್ವ ಹೋದಳು, ಅಮರೇಶನ ಬಗ್ಗೆ ಒಂದು ಮಾತೂ ಆಡದೆ ಹೋದಳು. ತಲೆಯಲ್ಲಿ ಅದೊಂದೇ. ಮೊಳಕಾಲ್ಮುರಿನ ಬೆಂಚು, ಅದರ ಮೇಲೆ ಕುಳಿತಿರಬೇಕಾದ ಇಬ್ಬರು, ಒಂದೂ ನೆನಪಿಗೆ ಬರಲಿಲ್ಲ. ಕಾರಿನ ಬಾಗಿಲನ್ನೂ ಹಾಕದೆ, ಬರಿಗಾಲಲ್ಲಿ ಪಡಸಾಲೆಗೆ ಓಡಿದೆ. ಅವ್ವ ಮಂಚದ ಮೇಲೆ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದಳು.

“ಚಪ್ಪಲಿ ಎಲ್ಲೇ?” ಎಂದು ಕೇಳಿದಳು.

ಶುಗರ್ ಇಳಿದು ಕಣ್ಣು ಕತ್ತಲೆ ಬಂದಿತ್ತಂತೆ. ಸಕ್ಕರೆ ನೀರು ಕುಡಿಸಿದ ಮೇಲೆ ಎದ್ದು ಕುಳಿತಿದ್ದಳು. ನಾನು ಸಿದ್ದಲಿಂಗೇಶನ ಮೇಲೆ ಎಗರಿ ಬಿದ್ದೆ. “ಲೋ, ಸ್ವಲ್ಪ ಹುಷಾರಿಲ್ಲ ಅಂದ್ರೆ ಏನೋ ಅರ್ಥ?”

ಅವನು ಕಣ್ಣು ಪಿಳಿಪಿಳಿ ಬಿಟ್ಟು, “ಸ್ವಲ್ಪ ಹುಷಾರಿರಲಿಲ್ಲ ಅಂತ ಅಕ್ಕ” ಎಂದ.

ನಗಬೇಕೋ ಅಳಬೇಕೋ ತಿಳಿಯದೆ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟೆ. ಅವ್ವ ತಲೆ ಸವರಿದಳು. ಅಲ್ಲೇ ನಿದ್ದೆ ಹತ್ತಿತು. ಎದ್ದು ಕಾರಿನಲ್ಲಿ ಬಿಟ್ಟಿದ್ದ ಫೋನ್ ತೆಗೆದಾಗ ನಾಲ್ಕೂವರೆ. ಮಾರುತೇಶ ಆರು ಸಲ ಫೋನ್ ಮಾಡಿದ್ದ.

ಆಗಲೇ ಮಾಡಬಹುದಿತ್ತು. ಎರಡು ನಿಮಿಷದ ಕೆಲಸ. ಆದರೆ ನಾನು ಓದಿದವಳು ನೋಡಿ! ಸಂಬಂಧದಲ್ಲಿ ಬಿರುಕು ಬಿಟ್ಟರೆ ಅದನ್ನು ಎದುರುಬದುರು ಕುಳಿತು, ಆ ಕೋಣೆಯಲ್ಲೇ ಸರಿ ಮಾಡಬೇಕು, ಫೋನಿನಲ್ಲಿ ತೇಪೆ ಹಚ್ಚಬಾರದು ಎಂದು ಎಷ್ಟೋ ಜನ ಹೊಸಬರಿಗೆ ನಾನೇ ಪಾಠ ಹೇಳಿದ್ದೇನೆ. ಮುಂದಿನ ಗುರುವಾರ ಅವನ ಮುಂದೆ ನೆಲಕ್ಕೆ ಕುಳಿತು ತಪ್ಪಾಯಿತು ಎನ್ನುತ್ತೇನೆ, ಅವನು ಬೈಯಲಿ, ಅದೂ ಒಳ್ಳೆಯದೇ ಎಂದುಕೊಂಡೆ. ಇದು ಹೊರಗಿನ ಕಾರಣ. ಒಳಗಿನದು ಬರೀ ನಾಚಿಕೆ. ‘ಅವ್ವಂಗೆ ಸ್ವಲ್ಪ ಹುಷಾರಿರಲಿಲ್ಲ’ ಎಂದು ಯಾವ ಬಾಯಲ್ಲಿ, ಅದೂ ಆ ಮನುಷ್ಯನಿಗೆ, ಹೇಳಲಿ? ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ. ಶುಕ್ರವಾರ ಹೋಯಿತು, ಶನಿವಾರ ಹೋಯಿತು, ಭಾನುವಾರ, ಸೋಮವಾರ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಮಾರುತೇಶನೇ ಮಾಡಿದ. ದನಿ ಗಟ್ಟಿಯಾಗಿತ್ತು.

“ಮೇಡಮ್, ಅಪ್ಪ ತೀರಿಕೊಂಡ. ಬೆಳಗಿನ ಐದಕ್ಕೆ. ಎದೆನೋವು ಬಂತು, ಹೋದ. ಹುಷಾರಿಲ್ಲ ಗಿಷಾರಿಲ್ಲ ಅಂತ ನಾನು ಹೇಳಲ್ಲ. ನೀವು ಚೆನ್ನಾಗಿದ್ದೀರಲ್ಲ? ಮುಖ ನೋಡ್ತೀರಂದ್ರೆ ನಾಕು ಗಂಟೆ ತನಕ ಇಟ್ಕಂಡಿರ್ತೀವಿ.”

ಅಷ್ಟು ನೆಟ್ಟಗೆ, ಅಷ್ಟು ಮರ್ಯಾದೆಯಿಂದ ಒಂದು ಸಾವಿನ ಸುದ್ದಿಯನ್ನು ಯಾರೂ ನನಗೆ ಹೇಳಿರಲಿಲ್ಲ. ಅವತ್ತು ನನ್ನ ಹತ್ತಿರ ಬರಬೇಕಿದ್ದವರಿಗೆಲ್ಲ ಬರಬೇಡಿ ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿ ಹೊರಟೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹಟ್ಟಿಯ ಮನೆಯ ಮುಂದೆ ಅವನನ್ನು ಅದೇ ಕಂಬಳಿಯ ಮೇಲೆ ಮಲಗಿಸಿದ್ದರು. ತಲೆಯ ಹತ್ತಿರ ದೀಪ. ಸುತ್ತ ಹೆಂಗಸರು. ಮಾರುತೇಶ ನನ್ನನ್ನು ಕಂಡವನೇ ಕುರಿ ರೊಪ್ಪದ ಬೇಲಿಯ ಪಕ್ಕಕ್ಕೆ ಕರೆದ. ನಾನು ಕೇಳುವ ಮೊದಲೇ ಹೇಳತೊಡಗಿದ.

“ಗುರುವಾರ ಹನ್ನೊಂದಕ್ಕೇ ಬಂದು ಕುಂತಿದ್ವಿ ಮೇಡಮ್. ಹನ್ನೆರಡಾಯ್ತು, ಒಂದಾಯ್ತು. ಅಪ್ಪ ದಾರಿ ನೋಡೀ ನೋಡೀ, ನನ್ ಕಡೆ ತಿರುಗಿ, ‘ಲೇ ಮಾರುತೇಶ’ ಅಂದ.” ಅವನು ಬೇಲಿಯನ್ನು ಹಿಡಿದುಕೊಂಡ. “ಲೇ ಮಾರುತೇಶ, ಆಯಮ್ಮ ತಪ್ಪಿಸೋಳಲ್ಲ. ಏನೋ ಆಗೈತೆ. ಫೋನ್ ಮಾಡು ಅಂದ. ಆರು ಸಲ ಮಾಡಿಸಿದ. ಎತ್ತಿದ್ರೆ ಸರಿಯಾಗಿ ಕೇಳು, ಮನೆಯೋರು ಯಾರಾರ ಎತ್ತಿ ಸ್ವಲ್ಪ ಹುಷಾರಿಲ್ಲ ಅಂದ್ರೆ ನಂಬಬ್ಯಾಡ ಅಂದ.”

ಅಲ್ಲೇ ಇದ್ದ ಕಲ್ಲಿನ ಮೇಲೆ ಕುಳಿತೆ.

“ವಾಪಸ್ ಬರೋವಾಗ ಬಸ್ಸಲ್ಲಿ ಎಲ್ಲಾ ಹೇಳ್ದ. ನಂಗೂ ಗೊತ್ತಿತ್ತು ಕಣಲೇ, ಬೇಕಂತ್ಲೇ ತಡ ಮಾಡ್ದೆ, ನಿಂದೇನೂ ತಪ್ಪಿಲ್ಲ ಅಂದ. ಬಸ್ಸಿನ ಜನ ಎಲ್ಲ ನೋಡ್ತಿದ್ರು, ಇಬ್ರೂ ಅತ್ವಿ. ಐದು ದಿನ ಮಾತಾಡಿದ ಮೇಡಮ್. ವರ್ಷದ ಬಾಕಿ ಎಲ್ಲ ಆಡಿದ.”

“ನನ್ ಮೇಲೆ ಸಿಟ್ಟಿತ್ತಾ?”

“ಸಿಟ್ಟಾ?” ಮಾರುತೇಶ ತಲೆಯಾಡಿಸಿದ. “ದಿನಾ ಎದ್ದ ತಕ್ಷಣ ಅದೇ ಮಾತು. ಆಯಮ್ಮ ಫೋನ್ ಮಾಡಿದ್ಲೇನಲೇ? ನಿನ್ನೆ ರಾತ್ರಿನೂ ಕೇಳ್ದ. ಮಾಡಿದ್ರು, ಚೆನ್ನಾಗಿದ್ದಾರಂತೆ ಅಂತ ಬಾಯಿಗೆ ಬಂದಿತ್ತು ಮೇಡಮ್. ಹೇಳಲಿಲ್ಲ. ಇನ್ನೊಂದ್ಸಲ ಅವನಿಗೆ ಸುಳ್ಳು ಹೇಳಬಾರದು ಅಂತ, ಇಲ್ಲಪ್ಪ, ಮಾಡಿಲ್ಲ ಅಂದೆ. ಪಾಪ ಆ ಮಗಳಿಗೆ ಏನಾತೋ ಅಂದ್ಕಂತ ಮಲಗಿದ.” ನನ್ನ ಕಡೆ ತಿರುಗಿ ಕೇಳಿದ: “ನಾನು ತಪ್ಪು ಮಾಡಿದ್ನಾ ಮೇಡಮ್?”

“ಇಲ್ಲ” ಎಂದೆ. “ತಪ್ಪು ನಂದು. ನಾನು ಫೋನ್ ಮಾಡಬೇಕಿತ್ತು.”

ಎದ್ದು ಹೋಗಿ ಸಣ್ಣತಿಮ್ಮಪ್ಪನ ಪಕ್ಕದಲ್ಲಿ, ನಮ್ಮ ಗುರುವಾರಗಳಲ್ಲಿ ಕುಳಿತಿದ್ದಷ್ಟೇ ಹತ್ತಿರದಲ್ಲಿ ನೆಲಕ್ಕೆ ಕುಳಿತೆ. ಅವನ ಮುಖದಲ್ಲಿ ಬಿಳಿ ಗಡ್ಡ ಮೂಡಿತ್ತು. ಬಗ್ಗಿ ಕಿವಿಯ ಹತ್ತಿರ ಹೇಳಿದೆ: “ಯಜಮಾನ್ರೆ, ನಂಗೇನೂ ಆಗಿಲ್ಲ. ನಮ್ಮವ್ವಂಗೆ ಸ್ವಲ್ಪ ಹುಷಾರಿರಲಿಲ್ಲ, ಅಷ್ಟೇ. ನಿಜವಾಗ್ಲೂ ಅಷ್ಟೇ.” ಗಟ್ಟಿಯಾಗಿ ಅತ್ತೆ.

ಪಕ್ಕದಲ್ಲಿದ್ದ ಮುದುಕಿ ಸೂರಮ್ಮ, ಸತ್ತವನ ಅಕ್ಕ, ನನ್ನ ಬೆನ್ನ ಮೇಲೆ ಕೈಯಿಟ್ಟಳು. “ಅಯ್ಯೋ ತಾಯಿ, ನಿಮ್ಮವ್ವನೂ ಹೋದ್ಲಾ? ಮಣ್ಣು ಯಾವಾಗ ಆಯ್ತು?”

“ಇಲ್ಲವ್ವ, ಬದುಕ್ಯಾಳೆ. ಉಪ್ಪಿಟ್ಟು ತಿಂದ್ಲು.”

ಸೂರಮ್ಮ ನಂಬಲಿಲ್ಲ. ಬೆನ್ನು ಸವರುತ್ತಲೇ ಇದ್ದಳು.

ಮಣ್ಣು ಮಾಡುವ ತನಕ ಇದ್ದೆ. ಒಂದು ಹಿಡಿ ಮಣ್ಣು ನಾನೂ ಹಾಕಿದೆ. ವಾಪಸ್ಸು ಬಂದು ಕಾಲು ತೊಳೆದುಕೊಂಡು, ಯಾರಿಗೂ ಏನೂ ಹೇಳದೆ, ಪದ್ಧತಿಯಂತೆ ಸುಮ್ಮನೆ ಎದ್ದು ಕಾರಿನ ಕಡೆ ನಡೆದೆ. ಮಾರುತೇಶ ಹಿಂದೆಯೇ ಬಂದ. ಕಾರಿನ ಕಿಟಕಿಯ ಮೇಲೆ ಕೈಯಿಟ್ಟು ನಿಂತ. ಐದು ದಿನ ಅಪ್ಪನ ಮಾತು ಕೇಳಿದವನ ಮುಖ ಅದು, ಆರನೇ ದಿನ ಮಾತಿಲ್ಲ.

“ತಿಥಿ ಮುಗಿಸ್ಕಂಡು” ಎಂದ ಕೊನೆಗೆ, “ಗುರುವಾರ ನಾನು ಬರಲೇನ್ರೀ ಮೇಡಮ್? ನಾನೊಬ್ನೇ?”

“ಬಾ” ಎಂದೆ. “ಇರ್ತೀನಿ. ಇಲ್ದಿದ್ರೆ ಫೋನ್ ಮಾಡ್ತೀನಿ.”